ತಾಯಿ ಕಾರ್ಡ್ ಊರಲ್ಲಿ, ಮಗು ಪುಣೆಯಲ್ಲಿ

ಹೊರನಾಡಿನಲ್ಲಿರುವ ನಮ್ಮ ಹಲವು ಹೆಣ್ಣುಮಕ್ಕಳಿಗೆ ಚೊಚ್ಚಲ ಹೆರಿಗೆ ಇಂದಿಗೂ ತವರಿನಲ್ಲೇ. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಬಾಣಂತನ ಮುಗಿಸಿ, ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಕೂಸನ್ನೆತ್ತಿಕೊಂಡು ಪುಣೆ, ಮುಂಬೈ, ಹೈದರಾಬಾದಿಗೆ ಮರಳುತ್ತಾರೆ. ಬಜೆ, ಬೆಳ್ಳಿ ಬಟ್ಟಲು, ಕುಲಾವಿ ಎಲ್ಲವೂ ಜೊತೆಗೆ ಬರುತ್ತವೆ. ತಾಯಿ ಕಾರ್ಡ್ ಮಾತ್ರ ಎಷ್ಟೋ ಸಲ ಊರಿನ ಬೀರುವಿನಲ್ಲೇ ಉಳಿಯುತ್ತದೆ.

ಈ ಓಡಾಟದಲ್ಲಿ ಸುಲಭವಾಗಿ ತಪ್ಪಿಹೋಗುವ ಲಸಿಕೆಯೆಂದರೆ ನ್ಯುಮೋಕಾಕಲ್ ಲಸಿಕೆ, ಅಂದರೆ ಪಿಸಿವಿ. ಸರ್ಕಾರಿ ಕಾರ್ಯಕ್ರಮದಲ್ಲಿ ಅದನ್ನು 6 ವಾರಕ್ಕೆ, 14 ವಾರಕ್ಕೆ ಕೊಟ್ಟು 9 ತಿಂಗಳಿಗೆ ಬೂಸ್ಟರ್ ಹಾಕುತ್ತಾರೆ. ಮೊದಲನೆಯದು ತವರಿನಲ್ಲಿ, ಎರಡನೆಯದು ಪ್ರಯಾಣದ ಆಸುಪಾಸಿನಲ್ಲಿ, ಮೂರನೆಯದು ಪರವೂರಿನಲ್ಲಿ. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭವಾದ ಇದು ದೇಶದೆಲ್ಲೆಡೆ ವಿಸ್ತರಿಸಿದ್ದು 2021ರಲ್ಲಿ.

ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಮಕ್ಕಳ ಮೂಗು-ಗಂಟಲಲ್ಲಿ ಸದ್ದಿಲ್ಲದೆ ವಾಸಿಸುತ್ತದೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ, ಮೆದುಳಿನ ಪೊರೆ ತಲುಪಿದರೆ ಮೆನಿಂಜೈಟಿಸ್. ನೆಗಡಿ-ಕೆಮ್ಮು ಬಹುಪಾಲು ವೈರಸ್‌ನಿಂದ ಬರುವಂಥದ್ದು. ಆಂಟಿಬಯಾಟಿಕ್‌ಗೆ ಅಲ್ಲಿ ಕೆಲಸವಿಲ್ಲ. ಆದರೂ ಹಳೆಯ ಚೀಟಿ ತೋರಿಸಿ ಅಜಿತ್ರೋಮೈಸಿನ್ ಸಿರಪ್ ತಂದು ಕುಡಿಸುತ್ತೇವೆ. ಆಗ ಗಂಟಲಲ್ಲಿದ್ದ ನ್ಯುಮೋಕಾಕಸ್‌ಗೂ ಔಷಧ ತಾಗುತ್ತದೆ. ದುರ್ಬಲವಾದವು ಸಾಯುತ್ತವೆ, ತಡೆದುಕೊಂಡವು ಉಳಿದು ಪಕ್ಕದ ಮಗುವಿಗೆ ದಾಟುತ್ತವೆ. ನಾಳೆ ನಿಜವಾದ ನ್ಯುಮೋನಿಯಾ ಬಂದಾಗ ಅದೇ ಔಷಧ ಕೈಕೊಡಬಹುದು.

ಲಸಿಕೆ ಈ ಸರಪಳಿಯನ್ನು ಎರಡು ಕಡೆ ಕಡಿಯುತ್ತದೆ. ಕಾಯಿಲೆ ಕಡಿಮೆಯಾದರೆ ಆಂಟಿಬಯಾಟಿಕ್ ಬಳಕೆಯೂ ಕಡಿಮೆ. ಜೊತೆಗೆ, ಔಷಧಕ್ಕೆ ಬಗ್ಗದ ತಳಿಗಳು ಹೆಚ್ಚಾಗಿ ಕಾಣಿಸಿಕೊಂಡ ಬಗೆಗಳನ್ನೇ ಅದು ಗುರಿಯಾಗಿಸುತ್ತದೆ. ನ್ಯುಮೋಕಾಕಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ನ್ಯುಮೋಸಿಲ್‌ನಲ್ಲಿ ಅವುಗಳ ಪೈಕಿ 10 ಇವೆ. ಹಲವು ಔಷಧಗಳಿಗೆ ಜಗ್ಗದ 19ಎ ಕೂಡ ಅದರಲ್ಲಿ ಸೇರಿದೆ.

ಹಾಗೆಂದು ಲಸಿಕೆಯೇ ಎಲ್ಲಕ್ಕೂ ಮದ್ದಲ್ಲ. ಅಮೆರಿಕದಲ್ಲಿ 2000ರಲ್ಲಿ 7 ಬಗೆಗಳ ಲಸಿಕೆ ಬಂದ ಮೇಲೆ ಆ ಬಗೆಗಳು ಕುಗ್ಗಿದವು, ಅದರಲ್ಲಿಲ್ಲದ 19ಎ ತಲೆಯೆತ್ತಿತು. 2010ರಲ್ಲಿ 13 ಬಗೆಗಳ ಲಸಿಕೆ ತರಬೇಕಾಯಿತು. ಬೆಂಗಳೂರಿನ ಕಿಮ್ಸ್, ವೆಲ್ಲೂರಿನ ಸಿಎಂಸಿಯಂಥ ಪ್ರಯೋಗಾಲಯಗಳು ಯಾವ ಬಗೆ ಹರಡುತ್ತಿದೆ, ಯಾವ ಔಷಧ ಸೋಲುತ್ತಿದೆ ಎಂದು ನೋಡುವುದು ಇದಕ್ಕೇ. ಲಸಿಕೆ ಹಾಕಿಸಿದ ಮನೆಯಲ್ಲೂ ಸಿರಪ್ಪಿನ ಚಟ ಬಿಡಲೇಬೇಕು.

ಐಟಿ ಕೆಲಸದ ನಮಗೆ ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟಾದರೂ ಡೋಸ್ ಸಿಗುತ್ತದೆ. ಕಲಬುರಗಿ, ಯಾದಗಿರಿಗಳಿಂದ ಕಟ್ಟಡ ಕೆಲಸಕ್ಕೆ ಬಂದು ಸೈಟಿನ ತಗಡಿನ ಶೆಡ್ಡಿನಲ್ಲಿರುವ ಕುಟುಂಬದ ಮಗುವಿಗೆ? ಸರ್ಕಾರಿ ಲಸಿಕೆ ಯಾವ ರಾಜ್ಯದ ಮಗುವಿಗೂ ಉಚಿತ. ಆದರೆ ಎಲ್ಲಿ, ಯಾವ ದಿನ ಎಂದು ಅವರ ಭಾಷೆಯಲ್ಲಿ ಹೇಳುವವರು ಬೇಕಲ್ಲ? ಆ ಕೆಲಸ ಕನ್ನಡ ಸಂಘಗಳದ್ದು ಎಂಬುದು ನನ್ನ ವಾದ. ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸಬಲ್ಲ ಸಂಘಕ್ಕೆ, ತಿಂಗಳಿಗೊಂದು ಭಾನುವಾರ ಹತ್ತಿರದ ಸೈಟಿಗೆ ಹೋಗಿ ಲಸಿಕೆ ಕಾರ್ಡ್ ಓದಿ, ಪಾಲಿಕೆಯ ದವಾಖಾನೆಯ ದಾರಿ ತೋರಿಸುವುದು ಕಷ್ಟವೇನಲ್ಲ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಮಾತೆತ್ತಿ. ಅದಕ್ಕೂ ಮುಂಚೆ, ಇವತ್ತೇ ಊರಿಗೊಂದು ಫೋನ್ ಮಾಡಿ, ನಿಮ್ಮ ಮಗುವಿನ ಕಾರ್ಡಿನ ಫೋಟೊ ತರಿಸಿಕೊಳ್ಳಿ. 9 ತಿಂಗಳಿನ ಸಾಲು ಖಾಲಿಯಿದ್ದರೆ ಈ ವಾರವೇ ವೈದ್ಯರನ್ನು ಕಾಣಿ.