ಬಸಿರೋ, ಹುಸಿ ಬಸಿರೋ, ಬೇನೆಯೋ?



ಅಂತರಘಟ್ಟೆಯ ಗೃಹಿಣಿಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಅವರ ಮನೆಯಲ್ಲಿ ಏಳು ವರ್ಷದ ಪುಟ್ಟ ಪೊಮೇರಿಯನ್ ನಾಯಿ, ಹೆಸರು ಚಿನ್ನಿ. ಒಂದು ಸಲವೂ ಮರಿ ಹಾಕಿದ್ದಲ್ಲ. ದುರ್ಗಾಂಬಾ ದೇವಿಯ ಜಾತ್ರೆಗೆ ಸುತ್ತಲ ಊರುಗಳ ಎತ್ತಿನ ಗಾಡಿಗಳು ಬರುವ ಹೊತ್ತು. ಮನೆ ತುಂಬ ನೆಂಟರು. ಬೆದೆಗೆ ಬಂದಿದ್ದ ಚಿನ್ನಿಯನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಯಾರೋ ಬಾಗಿಲು ತೆಗೆದರು, ಅದು ಬೀದಿಗೆ ಓಡಿತು. ಹುಡುಕಿ ತರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

“ಈಗ ನಲವತ್ತು ದಿನವಾಯಿತು ಅಕ್ಕ. ಹೊಟ್ಟೆ ದಪ್ಪವಾಗಿದೆ. ಅನ್ನ ಮೂಸಿ ನೋಡಿ ಬಿಟ್ಟುಬಿಡುತ್ತೆ, ನೀರು ಮಾತ್ರ ಬಟ್ಟಲುಗಟ್ಟಲೆ ಕುಡಿಯುತ್ತೆ. ಬಸುರಿ ಕಣೆ, ಹಾಗೇ ಇರುತ್ತೆ ಅಂತಾರೆ ನಮ್ಮತ್ತೆ. ನಿಜವೇ? ಬಸುರಿಗೆ ಏನೇನು ಕೊಡಬೇಕು ತಿಳಿಸಿ” ಎಂದು ಬರೆದಿದ್ದಾರೆ.

ಪತ್ರದ ಕೆಳಗೆ ಫೋನ್ ನಂಬರು ಇತ್ತು. ಈ ಪ್ರಶ್ನೆಗೆ ಉತ್ತರ ಅಚ್ಚಾಗಿ ಬರುವ ತನಕ ಕಾಯುವಂತಿರಲಿಲ್ಲ. ಕೂಡಲೇ ಫೋನ್ ಮಾಡಿ, “ಊಟದ ಮಾತು ಆಮೇಲಾಗಲಿ ತಂಗಿ, ಇವತ್ತೇ ಪಶುವೈದ್ಯರಿಗೆ ತೋರಿಸಿ” ಎಂದೆ. ಯಾಕೆ ಹಾಗೆಂದೆ, ಆಮೇಲೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಚಿಕ್ಕ ನಾಯಿ ಸಾಕಿದವರೆಲ್ಲ ತಿಳಿದಿರಬೇಕಾದ ನಾಲ್ಕು ಮಾತು.

ಹಸುವಿನ ಲೆಕ್ಕ ನಾಯಿಗೆ ಬಾರದು

ಅಂತರಘಟ್ಟೆಯ ಕಡೆಯವರಿಗೆ ದನದ ವಿಷಯ ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ. ಹತ್ತಿರದ ಅಜ್ಜಂಪುರವೆಂದರೆ ಅಮೃತಮಹಲ್ ತಳಿಗೆ ಹೆಸರಾದ ಊರು. ಹಸು ಬೆದೆಗೆ ಬಂದು ಹೋದ ಮೇಲೆ 21 ದಿನಕ್ಕೆ ಮತ್ತೆ ಬೆದೆಗೆ ಬರಲಿಲ್ಲವೆಂದರೆ ಗಬ್ಬ ನಿಂತಿರಬಹುದು ಎಂದು ನೀವೇ ಲೆಕ್ಕ ಹಾಕುತ್ತೀರಿ. ನಾಯಿಯಲ್ಲಿ ಈ ಲೆಕ್ಕ ನಡೆಯದು. ಅದು ಬೆದೆಗೆ ಬರುವುದೇ ಸುಮಾರು ಆರೇಳು ತಿಂಗಳಿಗೊಮ್ಮೆ. ಕೂಡಿರಲಿ, ಕೂಡದಿರಲಿ, ಮರುತಿಂಗಳು ಬೆದೆ ಇರುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ಬೆದೆ ಮುಗಿದ ಮೇಲೆ ಗರ್ಭವನ್ನು ಕಾಪಾಡುವ ಹಾರ್ಮೋನು ನಾಯಿಯ ಮೈಯಲ್ಲಿ ಸುಮಾರು ಎರಡು ತಿಂಗಳು ಇದ್ದೇ ಇರುತ್ತದೆ. ಹೊಟ್ಟೆಯಲ್ಲಿ ಮರಿ ಇದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಹೀಗಾಗಿ ಮರಿಯೇ ಇಲ್ಲದ ನಾಯಿಯೂ ಬಸುರಿಯಂತೆ ಕಾಣಬಹುದು. ನಾವು ಮೋಸಹೋಗುವುದು ಇಲ್ಲೇ.

ಮೆಡಿಕಲ್ ಶಾಪಿನಲ್ಲಿ ಹೆಂಗಸರಿಗೆಂದು ಮಾರುವ ಮೂತ್ರ ಪರೀಕ್ಷೆಯ ಪಟ್ಟಿಯನ್ನು ನಾಯಿಗೆ ಬಳಸಬಹುದೆ ಎಂದು ಕೇಳುವವರಿದ್ದಾರೆ. ಅದರಿಂದ ಏನೂ ತಿಳಿಯದು. ಆ ಪಟ್ಟಿ ಗುರುತಿಸುವ ಹಾರ್ಮೋನು ನಾಯಿಯಲ್ಲಿ ಇಲ್ಲ.

ಗೋಡೆಯ ಕ್ಯಾಲೆಂಡರೇ ಮೊದಲ ಡಾಕ್ಟರು

ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲಿನವನು ಬಾರದ ದಿನ, ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವಲ್ಲವೆ? ನಾಯಿಗೆ ರಕ್ತ ಕಾಣಿಸಿದ ಮೊದಲ ದಿನವನ್ನೂ ಬರೆದಿಡಿ. ಆ ರಕ್ತಸ್ರಾವ ಸುಮಾರು ಒಂಬತ್ತು ದಿನ. ನಂತರದ ಸುಮಾರು ಒಂಬತ್ತು ದಿನಗಳಲ್ಲಿ ಅದು ಗಂಡುನಾಯಿಯನ್ನು ಹತ್ತಿರ ಬಿಟ್ಟುಕೊಳ್ಳುತ್ತದೆ. ರಕ್ತ ತಿಳಿಯಾಯಿತು, ಇನ್ನು ಭಯವಿಲ್ಲ ಎಂದು ಬಾಗಿಲು ತೆರೆದಿಡುವುದು ದೊಡ್ಡ ತಪ್ಪು. ಭಯ ಇರುವುದೇ ಆಗ.

ಕೂಡಿದ ದಿನದಿಂದ ಹೆರಿಗೆಗೆ ಹೆಚ್ಚುಕಡಿಮೆ 63 ದಿನ. ಫೆಬ್ರವರಿ 10ಕ್ಕೆ ಕೂಡಿದ್ದರೆ ಏಪ್ರಿಲ್ 14ರ ಆಸುಪಾಸು. ನಾಲ್ಕೈದು ದಿನ ಹಿಂದುಮುಂದಾಗುವುದು ಸಹಜ.

ಮೂರು ನಾಲ್ಕನೇ ವಾರದಲ್ಲಿ ಕೆಲವು ನಾಯಿಗಳು ಒಂದೆರಡು ದಿನ ಊಟ ಕಡಿಮೆ ಮಾಡುತ್ತವೆ, ಒಮ್ಮೊಮ್ಮೆ ವಾಂತಿಯೂ ಉಂಟು. ತಿಂಗಳ ಹೊತ್ತಿಗೆ ಮೊಲೆತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬುತ್ತದೆ. ಹೊಟ್ಟೆ ಕಾಣುವುದು ಐದು ವಾರ ಕಳೆದ ಮೇಲೆ. ಪೊಮೇರಿಯನ್ನಿನಂಥ ಚಿಕ್ಕ ಜಾತಿಯಲ್ಲಿ ಒಂದೋ ಎರಡೋ ಮರಿ ಇದ್ದು, ಮೇಲೆ ದಟ್ಟ ಕೂದಲೂ ಇದ್ದರೆ ಕೊನೆಯ ತನಕ ಹೊಟ್ಟೆ ಗೊತ್ತಾಗದೆಯೂ ಇರಬಹುದು. ಆದ್ದರಿಂದ ಬರೀ ಹೊಟ್ಟೆ ನೋಡಿ ತೀರ್ಮಾನ ಬೇಡ.

ಖಚಿತವಾಗಿ ತಿಳಿಯಬೇಕಾದರೆ ಸುಮಾರು 30ನೇ ದಿನಕ್ಕೆ ಪಶುವೈದ್ಯರಿಗೆ ತೋರಿಸಿ. ಪಳಗಿದ ವೈದ್ಯರು 25ರಿಂದ 30 ದಿನಗಳ ನಡುವೆ ಕೈಯಿಂದಲೇ ಮುಟ್ಟಿ ಹೇಳಬಲ್ಲರು. ನೀವು ಮಾತ್ರ ಹೊಟ್ಟೆ ಒತ್ತಿ ನೋಡಬೇಡಿ, ಮರಿಗೆ ಪೆಟ್ಟಾದೀತು. ಸ್ಕ್ಯಾನಿಂಗ್ ಇರುವಲ್ಲಿ 28ನೇ ದಿನದ ಹೊತ್ತಿಗೆ ಮರಿಯ ಎದೆಬಡಿತವೇ ಕಾಣುತ್ತದೆ. ಎಷ್ಟು ಮರಿ ಎಂದು ಎಣಿಸಬೇಕಾದರೆ 55 ದಿನ ಕಳೆದ ಮೇಲೆ ಎಕ್ಸ್-ರೇ. ಅಜ್ಜಂಪುರ, ತರೀಕೆರೆ, ಕಡೂರಿನ ಕಡೆಯವರು ಮೊದಲು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ದನದ ಆಸ್ಪತ್ರೆಗೆ ನಾಯಿ ಎತ್ತಿಕೊಂಡು ಹೋದರೆ ಜನ ನಗುತ್ತಾರೆ ಎಂಬ ಸಂಕೋಚ ಬೇಡ.

ಹುಸಿ ಬಸಿರು

ಬೆದೆಯಾಗಿ ಆರರಿಂದ ಹನ್ನೆರಡು ವಾರದೊಳಗೆ ಕೆಲವು ನಾಯಿಗಳಿಗೆ ಮೊಲೆ ಊದಿ ಹಾಲೂ ಬರುತ್ತದೆ. ಮಂಚದ ಕೆಳಗೆ ಹಳೆ ಸೀರೆ ಎಳೆದುಕೊಂಡು ಗೂಡು ಮಾಡಿಕೊಳ್ಳುತ್ತವೆ. ಮಗುವಿನ ಗೊಂಬೆಯನ್ನೋ ಚಪ್ಪಲಿಯನ್ನೋ ಮರಿಯೆಂದು ಕಾಯುತ್ತ, ಹತ್ತಿರ ಹೋದರೆ ಗುರ್ ಎನ್ನುತ್ತವೆ. ಹೊಟ್ಟೆಯಲ್ಲಿ ಮಾತ್ರ ಏನೂ ಇರದು. ಇದಕ್ಕೆ ಗಾಳಿ, ಗ್ರಹ ಕಾರಣವಲ್ಲ. ಮೊದಲು ಹೇಳಿದ ಹಾರ್ಮೋನು ಇಳಿದು, ಹಾಲು ತರಿಸುವ ಹಾರ್ಮೋನು ಏರುವುದೇ ಕಾರಣ.

ಪಾಪ ಅಂತ ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತದೆ. ಗೊಂಬೆಯನ್ನು ಮೆಲ್ಲಗೆ ತೆಗೆದಿಟ್ಟು, ದಿನಕ್ಕೆರಡು ಸಲ ತಿರುಗಾಡಿಸಿ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಹೋಗುತ್ತದೆ. ಮೊಲೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾದರೆ ವೈದ್ಯರಿಗೆ ತೋರಿಸಿ.

ಕಾಯಬಾರದ ಬೇನೆ

ಮೂರನೆಯದು ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಇದೂ ಬೆದೆಯಾಗಿ ಎರಡರಿಂದ ಎಂಟು ವಾರದೊಳಗೇ ಹೆಚ್ಚಾಗಿ ಬರುತ್ತದೆ, ಅಂದರೆ ನಾವು ‘ಬಸುರಿ’ ಎಂದು ಸಂತೋಷಪಡುವ ಕಾಲದಲ್ಲೇ. ವಯಸ್ಸಾದ, ಮರಿ ಹಾಕದ ನಾಯಿಗಳಲ್ಲಿ ಹೆಚ್ಚು. ಹೊಟ್ಟೆ ಇದರಲ್ಲೂ ಊದಿಕೊಳ್ಳುತ್ತದೆ. ಆದರೆ ಲಕ್ಷಣಗಳು ಬೇರೆ: ವಿಪರೀತ ನೀರು ಕುಡಿಯುವುದು, ಪದೇ ಪದೇ ಮೂತ್ರ, ಊಟ ಬಿಡುವುದು, ವಾಂತಿ, ಮಂಕು, ಕೆಲವೊಮ್ಮೆ ಜ್ವರ. ಹಿಂಭಾಗದಿಂದ ದುರ್ನಾತದ ಕೀವು ಸೋರಬಹುದು. ಸೋರದೆ ಒಳಗೇ ತುಂಬಿಕೊಂಡರೆ ಅಪಾಯ ಇನ್ನೂ ಹೆಚ್ಚು. ಗರ್ಭಕೋಶ ಒಡೆದು ಪ್ರಾಣವೇ ಹೋಗಬಹುದು. ಸಾಮಾನ್ಯವಾಗಿ ಆಪರೇಷನ್ ಮಾಡಿ ಗರ್ಭಕೋಶ ತೆಗೆಯುವುದೇ ಸರಿಯಾದ ಚಿಕಿತ್ಸೆ.

ಬೆದೆ ಬಾರದಿರಲೆಂದು ಅವರಿವರ ಮಾತು ಕೇಳಿ ಇಂಜೆಕ್ಷನ್ ಹಾಕಿಸುವ ಪದ್ಧತಿ ಕೆಲವೆಡೆ ಇದೆ. ಅಂಥ ಹಾರ್ಮೋನು ಇಂಜೆಕ್ಷನ್ನಿನಿಂದಲೂ ಈ ರೋಗದ ಭಯ ಹೆಚ್ಚುತ್ತದೆ. ಮರಿ ಬೇಡವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಒಳ್ಳೆಯದು. ಅದರಿಂದ ಹುಸಿ ಬಸಿರಿನ ಕಾಟವೂ ತಪ್ಪುತ್ತದೆ, ಕೀವಿನ ಭಯವೂ ತಪ್ಪುತ್ತದೆ.

ಬಸಿರೇ ನಿಜವಾದರೆ

ಮೊದಲ ಐದು ವಾರ ಎಂದಿನ ಊಟ ಸಾಕು. ಆರನೇ ವಾರದಿಂದ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಹೆರಿಗೆಯ ಹೊತ್ತಿಗೆ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚಿಗೆ, ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡಿ. ಬರೀ ಹಾಲು ಅನ್ನದಲ್ಲಿ ಮುಗಿಸಬೇಡಿ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಒಳ್ಳೆಯದು. ಅವನ್ನು ಮಾಡದ ಮನೆಯವರು ಅಂಗಡಿಯಲ್ಲಿ ಸಿಗುವ ನಾಯಿಮರಿಯ ಆಹಾರ ಕೊಡಬಹುದು. ಬಾಣಂತಿ ಲೇಹ್ಯ, ದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ. ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಕ್ಯಾಲ್ಸಿಯಂ ಔಷಧವನ್ನು ನೀವಾಗಿ ಕುಡಿಸಬೇಡಿ. ಬಸಿರಿನಲ್ಲಿ ಹೆಚ್ಚು ಕೊಟ್ಟರೆ ಹಾಲೂಡಿಸುವಾಗ ಮೈಯೇ ಕ್ಯಾಲ್ಸಿಯಂ ಒದಗಿಸಲಾರದೆ ಚಿಕ್ಕ ನಾಯಿಗೆ ನಡುಕ, ಸೆಟೆತ ಬರುವ ಸಂಭವ ಹೆಚ್ಚು. ಜಂತುಹುಳುವಿನ ಔಷಧ, ಲಸಿಕೆ ಏನಿದ್ದರೂ ‘ಬಸುರಿ’ ಎಂದು ವೈದ್ಯರಿಗೆ ಹೇಳಿಯೇ ಹಾಕಿಸಿ.

58ನೇ ದಿನದಿಂದ ಬೆಳಗ್ಗೆ ಸಂಜೆ ಗುದದಲ್ಲಿ ಥರ್ಮಾಮೀಟರಿಟ್ಟು ನೋಡಿ. ಮಾಮೂಲು 101-102 ಡಿಗ್ರಿ ಇರುವುದು 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಅರ್ಧ ಗಂಟೆ ಜೋರಾಗಿ ತಿಣುಕಿಯೂ ಮರಿ ಬಾರದಿದ್ದರೆ, ಒಂದು ಮರಿಯಾಗಿ ಎರಡು ಗಂಟೆಯಾದರೂ ಇನ್ನೊಂದು ಬಾರದಿದ್ದರೆ, ಮೊದಲ ಮರಿಗೆ ಮುಂಚೆಯೇ ಹಸಿರು ನೀರು ಹೋದರೆ, ತಡಮಾಡದೆ ವೈದ್ಯರನ್ನು ಕಾಣಿ. ಒಂದೇ ಮರಿ ಇದ್ದಾಗ ಅದು ದೊಡ್ಡದಾಗಿ ಬೆಳೆದು ಸಿಕ್ಕಿಕೊಳ್ಳುವುದು ಚಿಕ್ಕ ನಾಯಿಗಳಲ್ಲಿ ಹೊಸದೇನಲ್ಲ. ಪಶು ಸಹಾಯವಾಣಿಯ ನಂಬರು 1962. ಅದನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಇನ್ನು ಚಿನ್ನಿಯ ಸಮಾಚಾರ. ಹೊಟ್ಟೆಯಲ್ಲಿ ಮರಿ ಇರಲಿಲ್ಲ, ಕೀವಿತ್ತು. ಮಾರನೇ ದಿನವೇ ಆಪರೇಷನ್ ಆಯಿತು. ವಾರದ ಮೇಲೆ ಆ ತಂಗಿ ಫೋನ್ ಮಾಡಿದ್ದರು. “ಅನ್ನ ತಿಂತಿದೆ ಅಕ್ಕ, ಅತ್ತೆಯ ಕಾಲ ಹತ್ತಿರವೇ ಮಲಗಿದೆ. ಮರಿಗೆ ಅಂತ ಹಳೇ ಪಂಚೆ ಹೊಲಿದಿಟ್ಟಿದ್ದರು, ಈಗ ಅದನ್ನ ಇದಕ್ಕೇ ಹಾಸಿದ್ದಾರೆ” ಎಂದರು. ಅತ್ತೆಯವರದೂ ತಪ್ಪಲ್ಲ, ಹಸು ಎಮ್ಮೆ ಸಾಕಿದ ಅನುಭವದಿಂದ ಹೇಳಿದರು. ನಾಯಿಯ ಮೈ ಬೇರೆ, ಅಷ್ಟೆ.

ಸೋದರಿಯರೆ, ಬೆದೆಯಾದ ಎರಡು ತಿಂಗಳೊಳಗೆ ನಿಮ್ಮ ನಾಯಿ ಊಟ ಬಿಟ್ಟು ನೀರಿಗೆ ಬಿದ್ದರೆ ಮರಿಗೆ ಹೆಸರು ಹುಡುಕುತ್ತ ಕೂರಬೇಡಿ. ನಮಗೂ ಪತ್ರ ಬರೆದು ಕಾಯಬೇಡಿ. ಮೊದಲು ವೈದ್ಯರಿಗೆ ತೋರಿಸಿ, ಪತ್ರ ಆಮೇಲೆ ಬರೆಯಿರಿ.

ನಿಮ್ಮ
ಅಕ್ಕ