ಕಾಡಿನವರ ಅರಿವು, ಕಚೇರಿಯ ಯೋಜನೆ

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಯೋಜನೆಗಳಲ್ಲಿ ಬುಡಕಟ್ಟು ಜನರ, ರೈತರ, ಮೀನುಗಾರರ ಅರಿವಿಗೂ ಜಾಗ ಇರಬೇಕೆಂಬ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. 2015ರ ಪ್ಯಾರಿಸ್ ಒಪ್ಪಂದದ 7ನೇ ವಿಧಿ ಅದನ್ನೇ ಹೇಳುತ್ತದೆ; ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2022ರ ವರದಿ ಇನ್ನಷ್ಟು ಒತ್ತಿ ಹೇಳಿದೆ. ಒಪ್ಪಿಗೆ ಇಷ್ಟು ಸಲೀಸಾಗಿ ಸಿಕ್ಕಿರುವುದೇ ಅನುಮಾನ ಹುಟ್ಟಿಸುತ್ತದೆ. ಅರಿವಿಗೆ ಗೌರವ ಕೊಡುವುದೆಂದರೆ ಅದನ್ನು ಕೇಳಿ ಬರೆದುಕೊಳ್ಳುವುದು ಎಂದು ಆಡಳಿತ ತಿಳಿದಂತಿದೆ. ಬರೆದುಕೊಂಡ ಮೇಲೆ ನಿರ್ಧಾರ ಮೊದಲಿದ್ದವರ ಕೈಯಲ್ಲೇ ಉಳಿಯುತ್ತದೆ. ಆದರೆ ಕಾಡು, ನೀರು, ಹೊಲದ ಬಗೆಗಿನ ಅರಿವು ಮಾಡುತ್ತಿದ್ದರೆ ಮಾತ್ರ ಬದುಕುವಂಥದ್ದು. ಮಾಡುವ ಹಕ್ಕನ್ನು ಕಿತ್ತುಕೊಂಡು ಅರಿವನ್ನಷ್ಟೇ ಇಟ್ಟುಕೊಳ್ಳಲು ಬರುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಅನುಭವ ಇದಕ್ಕೆ ಸಾಕ್ಷಿ. ಬೇಸಿಗೆ ಬಲಿಯುವ ಮೊದಲೇ ಒಣಗಿದ ಎಲೆ, ಹುಲ್ಲಿಗೆ ತೆಳುವಾಗಿ ಬೆಂಕಿ ಹಾಯಿಸುವ ರೂಢಿ ಅವರಲ್ಲಿತ್ತು. ಅದಕ್ಕೆ ತರಗು ಬೆಂಕಿ ಎಂದು ಹೆಸರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಎಂಬ ಕಳೆಗಿಡ ಹಬ್ಬಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಣಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತ ಬಂದರು. ಲಂಟಾನ ಹಬ್ಬಿದ್ದಂತೂ ನಿಜ: ಅದು ಕಾಣಿಸುವ ಜಾಗಗಳು 1997ರಿಂದ 2008ರ ನಡುವೆ ಸುಮಾರು ದುಪ್ಪಟ್ಟಾದವೆಂದು ಪರಿಸರ ವಿಜ್ಞಾನಿಗಳ ಅಳತೆಯೂ ತೋರಿಸಿತು. ಕಾರಣದ ಬಗ್ಗೆ ಚರ್ಚೆ ಇರಬಹುದು. ಆದರೆ ಸೋಲಿಗರ ಮಾತು ಬರೀ ನಂಬಿಕೆಯಲ್ಲ. ಕಾರಣವನ್ನೂ ಪರಿಣಾಮವನ್ನೂ ಜೋಡಿಸುವ, ಪರೀಕ್ಷೆಗೆ ಒಡ್ಡಬಹುದಾದ ವಿವರಣೆ. ಪರೀಕ್ಷೆಗೆ ಬೇಕಾದದ್ದು ಬೆಂಕಿ. ಕಾನೂನು ತಡೆದದ್ದೂ ಅದನ್ನೇ. ಬೆಂಕಿ ಹಾಕುವುದೇ ಅಪರಾಧವಾದ ಕಡೆ ಎಳೆಯರು ಗಾಳಿಯ ದಿಕ್ಕು, ಹುಲ್ಲಿನ ಹಸಿ, ಹೊತ್ತು ನೋಡುವುದನ್ನು ಕಲಿಯುವುದೆಲ್ಲಿ?

ತಾಪ ಏರುತ್ತಿರುವ ಕಾಲದಲ್ಲಿ ಕಾಡಿಗೆ ಬೆಂಕಿ ಹಾಕಲು ಬಿಡುವುದು ಹುಚ್ಚುತನವಲ್ಲವೇ ಎಂಬ ಆಕ್ಷೇಪ ಸಹಜ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದನ್ನು ಕಂಡವರಿಗೆ ಈ ಭಯ ಇರಲೇಬೇಕು. ಆದರೆ ಒಣಗಿದ್ದೆಲ್ಲ ವರ್ಷಗಟ್ಟಲೆ ಕೂಡಿಟ್ಟುಕೊಂಡ ಕಾಡಿಗೆ ಕಡು ಬೇಸಿಗೆಯಲ್ಲಿ ಹತ್ತುವ ಬೆಂಕಿಯೇ ಬೇರೆ, ಮೊದಲೇ ಚೂರುಚೂರಾಗಿ ಸುಡುವ ಬೆಂಕಿಯೇ ಬೇರೆ. ಆಸ್ಟ್ರೇಲಿಯದ ಪಶ್ಚಿಮ ಆರ್ನ್‌ಹೆಮ್ ಪ್ರದೇಶದಲ್ಲಿ ಮೂಲನಿವಾಸಿಗಳು 2006ರಿಂದ ಒಪ್ಪಂದದ ಮೇಲೆ ಒಣ ಋತುವಿನ ಆರಂಭದಲ್ಲೇ ಸುಡುತ್ತಿದ್ದಾರೆ. ಉಪಗ್ರಹದ ಚಿತ್ರ, ಹೆಲಿಕಾಪ್ಟರ್, ಹಿರಿಯರ ತೀರ್ಮಾನ ಎಲ್ಲವೂ ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ತಡವಾಗಿ ಏಳುವ ದೊಡ್ಡ ಬೆಂಕಿಗಳೂ ಅವುಗಳ ಹೊಗೆಯೂ ಕಡಿಮೆಯಾಗಿವೆ. ಬಿಳಿಗಿರಿಯ ಕಾಡು ಆ ಪ್ರದೇಶದಂತಲ್ಲ, ಅಲ್ಲಿನ ವಿಧಾನ ಇಲ್ಲಿಗೆ ಹಾಗೆಯೇ ಒಗ್ಗದು. ಒಗ್ಗಬೇಕಾದದ್ದು ಅಲ್ಲಿನ ಏರ್ಪಾಡು: ನೆಲ ಬಲ್ಲವರ ಕೈಯಲ್ಲಿ ತೀರ್ಮಾನ, ವಿಜ್ಞಾನದ ಕೈಯಲ್ಲಿ ಅಳತೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಹವಾಮಾನವೇ ಬದಲಾಗಿರುವಾಗ ಹಳೆಯ ಹವಾಮಾನದಲ್ಲಿ ಹುಟ್ಟಿದ ಅರಿವು ಎಷ್ಟು ದಿನ ನಡೆದೀತು? ರೋಹಿಣಿ, ಮೃಗಶಿರ ಮಳೆ ನಂಬಿ ಬಿತ್ತಿದವರು ಮೋಸಹೋಗುವ ವರ್ಷಗಳಿವೆ, ಒಪ್ಪಬೇಕು. ಆದರೆ ಮುಂದೇನಾಗುತ್ತದೆಂದು ಹೇಳುವ ಅರಿವು ಬೇರೆ, ಮುಂದೇನೆಂದು ಗೊತ್ತಾಗದಿದ್ದರೂ ಬದುಕಿಕೊಳ್ಳುವ ಅರಿವು ಬೇರೆ. ಮೊದಲನೆಯದಕ್ಕೆ ವಯಸ್ಸಾಗುತ್ತದೆ, ಅಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಯೇ ಮೇಲು. ಎರಡನೆಯದಕ್ಕೆ ಉದಾಹರಣೆ ಹಳೆ ಮೈಸೂರಿನ ಅಕ್ಕಡಿ ಸಾಲು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬಿತ್ತಿದ ರೈತ ಮಳೆಯನ್ನು ಊಹಿಸುತ್ತಿಲ್ಲ. ಊಹೆ ತಪ್ಪಿದರೆ ಏನು ಉಳಿದೀತೆಂದು ಲೆಕ್ಕ ಹಾಕುತ್ತಿದ್ದಾನೆ. ರಾಗಿ ಕೈಕೊಟ್ಟರೂ ಚಳಿಗಾಲಕ್ಕೆ ಅವರೆ ಕಾಯಿ ಕಟ್ಟೀತು. ಮಳೆ ಹೆಚ್ಚು ಅನಿಶ್ಚಿತವಾದಷ್ಟೂ ಈ ಬಗೆಯ ಅರಿವಿನ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಅದರ ಅನ್ಯಾಯವನ್ನು ಮರೆಮಾಚುವ ಅಪಾಯವೂ ಇದೆ. ಕೆರೆಯ ತೂಬು ತೆರೆದು, ನೀರು ಕಡಿಮೆಯಾದ ವರ್ಷ ಯಾವ ಗದ್ದೆಗೆ ಎಷ್ಟೆಂದು ಹಂಚುತ್ತಿದ್ದ ನೀರುಗಂಟಿಯ ಜಾಣ್ಮೆ ಇಂದಿನ ಬರ ನಿರ್ವಹಣೆಗೆ ಪಾಠವೇ. ಆದರೆ ಬಹಳ ಊರುಗಳಲ್ಲಿ ಆ ಕೆಲಸ ದಲಿತ ಕುಟುಂಬಗಳಿಗೆ ಹುಟ್ಟಿನಿಂದ ಅಂಟಿದ್ದು. ಸುಗ್ಗಿಯಲ್ಲಿ ಕೊಡುವ ಕಾಳೇ ಸಂಬಳ. ನೀರು ಹಂಚಿದವನಿಗೇ ಊರ ಬಾವಿ ಮುಟ್ಟುವ ಹಾಗಿರಲಿಲ್ಲ. ಆದ್ದರಿಂದ ಅರಿವನ್ನು ಉಳಿಸಿಕೊಳ್ಳುವುದೆಂದರೆ ಅದು ಕೂತಿದ್ದ ಜಾತಿಯ ಚೌಕಟ್ಟನ್ನು ಉಳಿಸುವುದಲ್ಲ. ಕೆಲಸಕ್ಕೆ ಸರಿಯಾದ ಸಂಬಳ ಇರಲಿ, ಯಾರು ಬೇಕಾದರೂ ಕಲಿಯುವಂತಿರಲಿ, ಮಾತಿಗೆ ಕೆರೆ ಸಮಿತಿಯಲ್ಲಿ ಬೆಲೆ ಸಿಗಲಿ.

ದಾರಿ ಹುಡುಕಲು ಹೊಸ ಕಾನೂನೂ ಬೇಕಿಲ್ಲ. ಸಮುದಾಯದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ದೊರೆಯಿತು. ಸೋಲಿಗರು ಹೇಳಿದ್ದೆಲ್ಲ ಸರಿಯೆಂದು ಮೊದಲೇ ಒಪ್ಪಬೇಕಾಗಿಲ್ಲ. ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರು ಆರಿಸಿದ ಸಣ್ಣ ತುಂಡುಗಳಲ್ಲಿ ತರಗು ಬೆಂಕಿಗೆ ಅನುಮತಿ ಕೊಟ್ಟು, ಪಕ್ಕದ ಸುಡದ ತುಂಡುಗಳ ಜೊತೆ ಹೋಲಿಸಿ, ಫಲಿತಾಂಶವನ್ನು ಅರಣ್ಯ ಇಲಾಖೆಯೂ ಗ್ರಾಮಸಭೆಯೂ ಕೂತು ನೋಡಲಿ. ತಪ್ಪಿದ್ದರೆ ತಿದ್ದಿಕೊಳ್ಳುವ ಅವಕಾಶ ಇಲಾಖೆಗೆ ಯಾವಾಗಲೂ ಇದೆ. ಅದೇ ಅವಕಾಶ ಕಾಡಿನವರಿಗೂ ಸಿಕ್ಕಾಗ ಮಾತ್ರ ಅವರ ಅರಿವು ಯೋಜನೆಯೊಳಗೆ ಬಂದಿತು ಎನ್ನಬಹುದು.