ತಡೆಯಲಾರದ ದನಿ, ತಡೆಯಬಾರದ ಮಾತು

ಶಾಲೆಯ ಸ್ಮರಣ ಸಂಚಿಕೆಗಳಲ್ಲಿ ಬಹುಮಾನ ಪಡೆದ ಬಾಲಿಕೆಯರ ಹೆಸರುಗಳನ್ನು ಅಚ್ಚುಹಾಕಿಸುವುದು ವಾಡಿಕೆ. ತರಗತಿಯಲ್ಲಿ ಬಾಯ್ದೆರೆಯಲು ಅಂಜುವ ಬಾಲಿಕೆಯ ವಿಷಯವಾಗಿ ಬರೆಯುವವರು ವಿರಳ. ಅಂಥ ಮಕ್ಕಳಲ್ಲಿ ಒಂದು ಬಗೆಯವರನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯ್ತಂದೆಗಳಲ್ಲಿಯೂ ಎರಡು ಮಾತುಗಳನ್ನು ಅರಿಕೆಮಾಡುತ್ತೇವೆ.

ಕೆಲವು ಮಕ್ಕಳು ಮತ್ತೆ ಮತ್ತೆ ಕಣ್ಣು ಮಿಟುಕಿಸುವರು, ಹೆಗಲು ಕುಣಿಸುವರು, ಕತ್ತು ಕೊಂಕಿಸುವರು. ಗಂಟಲು ಕೆರೆಯುವರು, ಮೂಗೆಳೆಯುವರು, ಒಮ್ಮೊಮ್ಮೆ ಕೂಗುವರು. ಈ ಸೆಳೆತಗಳನ್ನು ವೈದ್ಯರು ಟಿಕ್ ಎನ್ನುತ್ತಾರೆ. ಅಂಗಗಳ ಸೆಳೆತ ಎರಡಾದರೂ ದನಿಯ ಸೆಳೆತ ಒಂದಾದರೂ ಇದ್ದು, 18 ವರ್ಷದೊಳಗೆ ಮೊದಲಾಗಿ, ಒಂದು ವರ್ಷಕ್ಕೆ ಮೇಲ್ಪಟ್ಟು ನಡೆದುಬಂದರೆ ಅದು ಟುರೆಟ್ ಸಿಂಡ್ರೋಮ್. 1885ರಲ್ಲಿ ಒಂಬತ್ತು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ ಫ್ರೆಂಚ್ ವೈದ್ಯನ ಹೆಸರೇ ಅದಕ್ಕೆ ನಿಂತಿದೆ. ಸಾಧಾರಣವಾಗಿ ಐದರಿಂದ ಏಳು ವರ್ಷದ ಪ್ರಾಯದಲ್ಲಿ ಮೊದಲಾಗಿ, ಹತ್ತು ಹನ್ನೆರಡರಲ್ಲಿ ಬಲಗೊಂಡು, ಯೌವನ ಬಂದಂತೆ ಬಹುಮಂದಿಯಲ್ಲಿ ಇಳಿಮುಖವಾಗುತ್ತದೆ. ಇದು ಮೆದುಳಿನ ಕಾರ್ಯಕ್ಕೆ ಸೇರಿದ್ದೇ ಹೊರತು ದುರ್ನಡತೆಯಲ್ಲ, ಗಾಳಿಸೋಂಕಲ್ಲ, ತಾಯಿಯ ಮುದ್ದಿನ ಫಲವೂ ಅಲ್ಲ. ಹೊಲಸು ಮಾತು ಹೊರಡುವುದೇ ಇದರ ಲಕ್ಷಣವೆಂದು ಜನ ತಿಳಿದಿರುವರು. ಅದು ನೂರರಲ್ಲಿ ಹತ್ತು ಹದಿನೈದು ಮಂದಿಗೆ ಮಾತ್ರ.

ಇಂಥ ಮಕ್ಕಳ ಪದಸಂಪತ್ತಿಗಾಗಲಿ ವ್ಯಾಕರಣಜ್ಞಾನಕ್ಕಾಗಲಿ ಸಾಮಾನ್ಯವಾಗಿ ಕೊರತೆಯಿಲ್ಲ. ಕೊರತೆಯುಂಟಾಗುವುದು ಮಾತಿನ ಕೊಡುಕೊಳ್ಳುವಿಕೆಯಲ್ಲಿ. ದನಿಯ ಸೆಳೆತ ವಾಕ್ಯವನ್ನು ನಡುವೆ ಕತ್ತರಿಸುತ್ತದೆ. ಕೇಳುವವರಿಗೆ ತಾಳ್ಮೆ ತಪ್ಪುತ್ತದೆ. ಕೆಲವರು ಇತರರ ಕಡೆಯ ಮಾತನ್ನು ತಮಗರಿಯದೆ ಮರುನುಡಿಯುವರು. ಅದು ಅಣಕವೆಂದು ತೋರುತ್ತದೆ. ಗುರುಹಿರಿಯರೆದುರು ತಲೆ ತಗ್ಗಿಸಿ ನಿಲ್ಲುವುದೇ ವಿನಯವೆನ್ನುವ ನಮ್ಮ ನಾಡಿನಲ್ಲಿ, ಮೇಲಕ್ಕೆ ಹೊರಳಿದ ಕಣ್ಣು ಉದ್ಧಟತನವಾಗಿಬಿಡುತ್ತದೆ. ಹೀಗೆ ಮಗು ಆಡದ ಮಾತಿಗೆ ಅಪರಾಧಿಯಾಗುತ್ತದೆ.

ಇನ್ನೊಂದು ಸಂಗತಿ. ಸೆಳೆತವನ್ನು ಸ್ವಲ್ಪ ಹೊತ್ತು ಹತ್ತಿಕ್ಕುವುದು ಸಾಧ್ಯ. ಆದರೆ ಸೀನನ್ನು ತಡೆಹಿಡಿದಂತೆ ಮನಸ್ಸೆಲ್ಲ ಅದರಲ್ಲಿಯೇ ಇರಬೇಕು. ಭದ್ರಾವತಿಯಿಂದ ಶಿವಮೊಗ್ಗೆಗೆ ಬಸ್ಸಿನಲ್ಲಿ ಬಂದುಹೋಗುವ ಬಾಲಿಕೆಯೊಬ್ಬಳು ಹೀಗೆ ದಿನವಿಡೀ ತಡೆದಿದ್ದಳೆಂದುಕೊಳ್ಳಿರಿ. ಪಾಠ ಅವಳ ಕಿವಿಗೆ ಬೀಳದು. ಸಂಜೆ ಮನೆಯ ಹೊಸ್ತಿಲಲ್ಲಿ ಸೆಳೆತಗಳೆಲ್ಲ ಒಮ್ಮೆಲೇ ಹೊಮ್ಮುವುವು. “ಶಾಲೆಯಲ್ಲಿ ಸರಿಯಾಗಿರುವವಳು ಮನೆಯಲ್ಲಿ ಹಠಮಾಡುತ್ತಾಳೆ” ಎಂದು ತಾಯಿ, “ಬುದ್ಧಿ ಸಾಲದು” ಎಂದು ಉಪಾಧ್ಯಾಯಿನಿ ತೀರ್ಮಾನಿಸುವರು. ಎರಡೂ ಸುಳ್ಳು.

ಒಬ್ಬಳಿಗಾಗಿ ನಲವತ್ತು ಮಂದಿಯ ಪಾಠ ಕೆಡಬೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಪಾಠವನ್ನು ಕೆಡಿಸುವುದು ಆ ದನಿಗಿಂತ ಹೆಚ್ಚಾಗಿ, ದನಿ ಕೇಳಿದಾಗಲೆಲ್ಲ ನಲವತ್ತು ತಲೆಗಳು ಹಿಂದಿರುಗುವುದು. ಬಾಲಿಕೆಯೂ ತಾಯ್ತಂದೆಗಳೂ ಒಪ್ಪಿದ ಮೇಲೆ ತರಗತಿಗೆ ಒಮ್ಮೆ ವಿಷಯ ತಿಳಿಸಿದರೆ, ಮಳೆಗಾಲದಲ್ಲಿ ಹೆಂಚಿನ ಮೇಲಣ ಸದ್ದಿಗೆ ಹೊಂದಿಕೊಂಡಂತೆ ಮಕ್ಕಳು ಇದಕ್ಕೂ ಹೊಂದಿಕೊಳ್ಳುವರು. ಗಟ್ಟಿಯಾಗಿ ಓದುವ ಸರದಿಯಿಂದ, ಪ್ರಾರ್ಥನೆಯಿಂದ, ನಾಟಕದಿಂದ ಅವಳನ್ನು ಬಿಡುವುದು ದಯೆಯೆಂದು ಕಾಣಬಹುದು. ಅವಳಾಗಿ ಕೇಳದೆ ಹಾಗೆ ಮಾಡಿದರೆ ಅದು ದಯೆಯಲ್ಲ, ಬಹಿಷ್ಕಾರ.

1755ರಲ್ಲಿ ಇಂಗ್ಲಿಷ್ ಭಾಷೆಗೆ ಮಹಾನಿಘಂಟನ್ನು ರಚಿಸಿಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್ನನಿಗೂ ಇಂಥ ಸೆಳೆತಗಳಿದ್ದುವು; ಅವನಿಗೆ ಇದ್ದುದು ಟುರೆಟ್ಟೇ ಎಂದು ಅನೇಕ ವೈದ್ಯರ ಅಭಿಪ್ರಾಯ. ಮುಖ ಸೊಟ್ಟಮಾಡುವನೆಂಬ ಕಾರಣದಿಂದ ಅವನಿಗೆ ಶಾಲೆಯ ಕೆಲಸ ತಪ್ಪಿತು! ನಮ್ಮ ಸತ್ಯವೇದದ ಮೋಶೆಯೂ ತನ್ನ ನಾಲಿಗೆ ಮಂದವೆಂದು ಹಿಂಜರಿದವನೇ. ದೇವರು ಅವನನ್ನು ಕೈಬಿಡಲಿಲ್ಲ. ಜತೆಗೆ ಆರೋನನನ್ನು ಕೊಟ್ಟನು.

ಸಹಾಯ ದೂರವಿಲ್ಲ. ಮನೋರೋಗಗಳನ್ನು ಕುರಿತು ಕನ್ನಡಿಗರಿಗೆ ಕನ್ನಡದಲ್ಲಿಯೇ ತಿಳಿಯಹೇಳಿದ ಡಾಕ್ಟರ್ ಅಶೋಕ್ ಪೈಯವರು 2016ರಲ್ಲಿ ಕಾಲವಾಗುವವರೆಗೆ ಸೇವೆಸಲ್ಲಿಸಿದ ಊರು ನಮ್ಮ ಶಿವಮೊಗ್ಗೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯಿದೆ. ಸೆಳೆತದ ಮುನ್ಸೂಚನೆಯನ್ನರಿತು ಬೇರೊಂದು ಚಲನೆಯನ್ನು ಅದಕ್ಕೆ ಎದುರಾಗಿ ನಿಲ್ಲಿಸುವ ಅಭ್ಯಾಸದಿಂದ ಅನೇಕ ಮಕ್ಕಳಿಗೆ ಗುಣ ಕಂಡಿದೆ. ಅಗತ್ಯವಿದ್ದವರಿಗೆ ಔಷಧಗಳೂ ಇವೆ. ಆದರೆ ಪಕ್ಕದ ಮಣೆಯಲ್ಲಿ ಕುಳಿತು ವಾಕ್ಯ ಮುಗಿಯುವವರೆಗೆ ಕಾಯುವ ಗೆಳತಿಯನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಅವಳನ್ನು ಮನೆಯಲ್ಲಿ ಬೆಳೆಸಬೇಕಾದವರು ತಾಯ್ತಂದೆಗಳಾದ ತಾವು. ಶಾಲೆಯಲ್ಲಿ ಬೆಳೆಸಬೇಕಾದವರು ನಾವು.